ಮೆಷಿನ್ ಇಳಿಸುವ ಮುಂಚೆ ಮೀಟರ್ ಬೋರ್ಡ್ ನೋಡಿ

ದಸರಾ ಸೀಸನ್ನಿಗೆ ಫ್ಲೆಕ್ಸ್ ಪ್ರಿಂಟಿಂಗ್ ಮೆಷಿನ್ ಓಡಲೇಬೇಕು ಅಂತ ಆಗಸ್ಟ್‌ನಲ್ಲಿ ಬುಕ್ ಮಾಡುವವರು ಕೇಳುವುದು ಎರಡೇ ಪ್ರಶ್ನೆ: ಇಂಕ್ ಚಿಮ್ಮಿಸುವ ಹೆಡ್ ಯಾವುದು, ಗಂಟೆಗೆ ಎಷ್ಟು ಚದರಡಿ. ಅರ್ತಿಂಗ್ ನೆನಪಾಗುವುದು ಕ್ರೇಟ್ ಬಾಗಿಲಲ್ಲಿ ಇಳಿದ ಮೇಲೆ. ಇನ್‌ಸ್ಟಾಲೇಶನ್‌ಗೆ ಬಂದ ಎಂಜಿನಿಯರ್ ಮಲ್ಟಿಮೀಟರ್ ಇಟ್ಟು, ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ 10 ವೋಲ್ಟ್ ಕಂಡರೆ, ಮೆಷಿನ್ ಆನ್ ಮಾಡದೆ ಹೊರಡುತ್ತಾನೆ. ಅವನು ಮಾಡುವುದು ಸರಿ.

ಮೊದಲು ಜಾಗ. ಆರಡಿ ಅಗಲ ಪ್ರಿಂಟ್ ಮಾಡುವ ಇಕೋ ಸಾಲ್ವೆಂಟ್ (ಸಾಲ್ವೆಂಟ್ ಇಂಕಿನ) ಪ್ರಿಂಟರಿನ ಮೈಯುದ್ದ ಒಂಬತ್ತರಿಂದ ಹತ್ತು ಅಡಿ, ಸ್ಟ್ಯಾಂಡ್ ಸೇರಿ ಅಗಲ ಸುಮಾರು ಮೂರಡಿ. ಮೈಸೂರು, ಮಂಡ್ಯದಲ್ಲಿ ಬಾಡಿಗೆಗೆ ಸಿಗುವ 10×20 ಅಡಿಯ ಮಳಿಗೆಯಲ್ಲಿ ಅದನ್ನು ಉದ್ದ ಗೋಡೆಗೆ ಸಮನಾಗಿ ಇಟ್ಟರೆ ಉಳಿಯುವುದು ಏಳಡಿ. ಹಿಂದೆ ಮೂರು, ಮುಂದೆ ನಾಲ್ಕು ಬಿಡಿ. ರೋಲ್ ಹಾಕುವುದು ಹಿಂದಿನಿಂದ. 280 ಜಿಎಸ್ಎಂ (ಚದರ ಮೀಟರಿಗೆ 280 ಗ್ರಾಂ) ಫ್ಲೆಕ್ಸಿನ ಆರಡಿ ಅಗಲದ 50 ಮೀಟರ್ ರೋಲ್ 25 ಕೆಜಿ ದಾಟುತ್ತದೆ, ಹತ್ತಡಿಯದು 43 ಕೆಜಿ ತೂಗುತ್ತದೆ. ಅದನ್ನು ಹೊತ್ತು ಗೋಡೆಗೆ ಮೊಣಕೈ ತಾಗಿಸಿಕೊಂಡು ತಿರುಗುವ ಹುಡುಗ ಒಂದಲ್ಲ ಒಂದು ದಿನ ರೋಲನ್ನು ಮೆಷಿನ್ ಮೇಲೇ ಬೀಳಿಸುತ್ತಾನೆ. ಕೆಲಸವಿಲ್ಲದಾಗ ಹೆಡ್ ಮುಚ್ಚಿಡುವ ಕ್ಯಾಪಿಂಗ್ ಸ್ಟೇಷನ್ ಇರುವ ಬದಿಗೆ ಎರಡೂವರೆ ಅಡಿಯಾದರೂ ಬೇಕು, ದಿನಾ ಕ್ಲೀನ್ ಮಾಡುವುದು ಅಲ್ಲೇ ಕೂತು. ಐಲೆಟ್ ಹೊಡೆಯುವುದು, ಕತ್ತರಿಸುವುದು ಈ ಕೋಣೆಯಲ್ಲಿ ಬೇಡ.

ಹತ್ತಡಿ ಮೆಷಿನ್‌ಗೆ 20×25 ಅಡಿಗಿಂತ ಕಡಿಮೆ ಜಾಗ ಸಾಲದು. ಅದರ ಕ್ರೇಟ್ ಮೊದಲ ಮಹಡಿಯ ಮೆಟ್ಟಿಲಿನ ತಿರುವಿನಲ್ಲಿ ತಿರುಗುವುದೇ ಇಲ್ಲ. ಮಹಡಿ ಬಾಡಿಗೆ ಅಗ್ಗ ಅಂತ ಒಪ್ಪಿಕೊಂಡವರು ಆಮೇಲೆ ಕ್ರೇನ್ ಬಾಡಿಗೆ ಕೊಟ್ಟು ಕಿಟಕಿ ಒಡೆಸಬೇಕಾಗುತ್ತದೆ.

ನೆಲದ ಬಗ್ಗೆ ಒಂದು ಮಾತು. ವಿಟ್ರಿಫೈಡ್ ಟೈಲ್ಸ್ ಕೆಳಗೆ ಗಾರೆ ಪೊಳ್ಳಾಗಿದ್ದರೆ ಮೆಷಿನ್ ಕಾಲಿನ ಭಾರಕ್ಕೆ ಬಿರುಕು ಬಿಡುತ್ತದೆ. ಬೆರಳಲ್ಲಿ ಕುಟ್ಟಿ ಸದ್ದು ಕೇಳಿ, ಪ್ರತಿ ಕಾಲಿನಡಿಗೆ ಆರಿಂಚು ಚೌಕದ, 10 ಎಂಎಂ ದಪ್ಪದ ಕಬ್ಬಿಣದ ಪ್ಲೇಟ್ ಕೊಡಿ. ಗಾರೆಯವರ ನೀರಿನ ಪೈಪಿನ ಮಟ್ಟ ನೆಲಕ್ಕೆ ಸಾಕು, ಹೆಡ್ ಓಡಾಡುವ ರೈಲಿಗೆ ಸಾಲದು. ಫ್ರೇಮ್ ತಿರುಚಿಕೊಂಡರೆ ಹೆಡ್‌ಗೂ ಕೆಳಗಿನ ಫ್ಲೆಕ್ಸಿಗೂ ನಡುವಿನ ಎರಡು ಮೂರು ಮಿಲಿಮೀಟರ್ ಅಂತರ ಒಂದು ತುದಿಯಿಂದ ಇನ್ನೊಂದಕ್ಕೆ ಬದಲಾಗಿ, ಎಡಗಡೆ ಅಕ್ಷರ ಚೊಕ್ಕ, ಬಲಗಡೆ ಜೋಡಿ ನೆರಳು.

ಈಗ ಕರೆಂಟು. ಮಳಿಗೆಯ ಸಿಂಗಲ್ ಫೇಸ್ ಮೀಟರಿಗೆ ಮಂಜೂರಾದ ಲೋಡ್ ಬಹುಪಾಲು ಎರಡು ಮೂರು ಕಿಲೋವ್ಯಾಟ್. ಲೆಕ್ಕ ಹಾಕಿ: ಪ್ರಿಂಟರಿನ ಎಲೆಕ್ಟ್ರಾನಿಕ್ಸ್, ಮೋಟರ್ ಸೇರಿ ಒಂದು ಕಿಲೋವ್ಯಾಟ್, ಮೂರು ಹೀಟರ್ ಮೂರರ ಆಸುಪಾಸು, ಹೊರಗಿನ ಡ್ರೈಯರ್ ಒಂದೂವರೆ, ಒಂದೂವರೆ ಟನ್ ಏಸಿ 1.7, ಕಂಪ್ಯೂಟರ್, ಲೈಟು, ಎಕ್ಸಾಸ್ಟ್ ಸೇರಿ ಮುಕ್ಕಾಲು. ಎಂಟು ಕಿಲೋವ್ಯಾಟ್ ಮುಟ್ಟಿತು. ವಿದ್ಯುತ್ ಕಂಪನಿ ಸೆಸ್ಕ್‌ನ ಸೆಕ್ಷನ್ ಆಫೀಸಿಗೆ ಹೆಚ್ಚುವರಿ ಲೋಡ್, ತ್ರೀ ಫೇಸ್ ಅರ್ಜಿ ಕೊಡಬೇಕಾದ್ದು ಮೆಷಿನ್‌ಗೆ ಅಡ್ವಾನ್ಸ್ ಕೊಡುವ ಮುಂಚೆ. ಮೂರು ಫೇಸ್ ಬಂದ ಮೇಲೆ ಪ್ರಿಂಟರಿನ ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಒಂದರಲ್ಲಿ, ಹೀಟರ್ ಇನ್ನೊಂದರಲ್ಲಿ, ಏಸಿ, ಲೈಟು ಮೂರನೆಯದರಲ್ಲಿ. ತ್ರೀ ಫೇಸಿನಲ್ಲಿ ನ್ಯೂಟ್ರಲ್ ಕಡಿದರೆ ಲೋಡ್ ಕಡಿಮೆ ಇರುವ ಫೇಸಿನ ವೋಲ್ಟೇಜ್ 230 ಬಿಟ್ಟು 400ರ ಕಡೆ ಏರುತ್ತದೆ. ಓವರ್ ವೋಲ್ಟೇಜ್ ಆದರೆ ಕತ್ತರಿಸುವ ಪ್ರೊಟೆಕ್ಟರ್ ಇಲ್ಲದೆ ಹೆಡ್ ನಡೆಸುವ ಸರ್ಕ್ಯೂಟ್ ಬೋರ್ಡಿಗೆ ಕರೆಂಟ್ ಕೊಡಬೇಡಿ.

ನ್ಯೂಟ್ರಲ್–ಅರ್ತ್ ವೋಲ್ಟೇಜ್ ಎರಡು ಮೂರು ವೋಲ್ಟಿಗಿಂತ ಕೆಳಗಿರಬೇಕು. ಜಾಸ್ತಿ ಬಂದ ಕೂಡಲೇ ಎಲೆಕ್ಟ್ರೀಷಿಯನ್ ಇನ್ನೊಂದು ಅರ್ತ್ ಗುಂಡಿ ತೋಡಿ, ಉಪ್ಪು ಇದ್ದಿಲು ಸುರಿಯುತ್ತಾನೆ. ಎಷ್ಟೋ ಕಡೆ ತಪ್ಪಿರುವುದು ಗುಂಡಿಯಲ್ಲಲ್ಲ, ವೈರಿನಲ್ಲಿ. ಮೀಟರಿಂದ ಮೆಷಿನ್‌ಗೆ 25 ಮೀಟರ್ ದೂರ, 2.5 ಚದರ ಎಂಎಂ ತಾಮ್ರದ ವೈರು, ಓಡುವ ಕರೆಂಟು 20 ಆಂಪ್ ಅಂತಿಟ್ಟುಕೊಳ್ಳಿ. ಬರೀ ನ್ಯೂಟ್ರಲ್ ವೈರಿನಲ್ಲೇ 3.7 ವೋಲ್ಟ್ ಬೀಳುತ್ತದೆ, ಸಾಕೆಟ್ಟಿನಲ್ಲಿ ಅದೇ ನ್ಯೂಟ್ರಲ್–ಅರ್ತ್ ವೋಲ್ಟೇಜ್ ಆಗಿ ಕಾಣುತ್ತದೆ. 6 ಚದರ ಎಂಎಂ ಎಳೆದರೆ ಒಂದೂವರೆಗೆ ಇಳಿಯುತ್ತದೆ. ಆದ್ದರಿಂದ ನಿಮ್ಮ ಲೋಡೆಲ್ಲ ಆಫ್ ಮಾಡಿ ಒಮ್ಮೆ, ಹೀಟರ್ ಓಡಿಸಿ ಒಮ್ಮೆ ಅಳೆಯಿರಿ. ಆಫ್ ಇದ್ದಾಗಲೂ, ಅದರಲ್ಲೂ ಸಂಜೆ ಏಳರ ಹೊತ್ತಿಗೆ, ಜಾಸ್ತಿ ತೋರಿಸಿದರೆ ಕಂಬದಿಂದ ಬರುವ ನ್ಯೂಟ್ರಲ್ ಅಥವಾ ಗುಂಡಿಯ ಕಡೆ ನೋಡಬೇಕು. ಗುಂಡಿಯ ರೆಸಿಸ್ಟೆನ್ಸನ್ನು ಅದಕ್ಕೆಂದೇ ಇರುವ ಅರ್ತ್ ಮೆಗ್ಗರ್‌ನಲ್ಲಿ ಅಳೆಸಿ, ಎರಡು ಓಮ್ ಒಳಗಿದ್ದರೆ ನೆಮ್ಮದಿ, ಐದು ದಾಟಬಾರದು. ಏಪ್ರಿಲ್‌ನಲ್ಲಿ ಮಣ್ಣು ಒಣಗಿದಾಗ ಮತ್ತೊಮ್ಮೆ ನೋಡಿ.

ಇಲ್ಲೊಂದು ಕಳ್ಳದಾರಿ ಇದೆ: ಸಾಕೆಟ್ಟಿನೊಳಗೆ ನ್ಯೂಟ್ರಲ್ಲನ್ನೇ ಅರ್ತ್ ಪಿನ್ನಿಗೆ ಲೂಪ್ ಮಾಡುವುದು. ಮಲ್ಟಿಮೀಟರ್ ಸೊನ್ನೆ ತೋರಿಸುತ್ತದೆ, ಎಲ್ಲರಿಗೂ ಖುಷಿ. ನ್ಯೂಟ್ರಲ್ ಕಡಿದ ದಿನ ಮೆಷಿನ್ ಬಾಡಿಯೇ 230 ವೋಲ್ಟ್. ರೋಲ್ ಬಿಗಿಸುತ್ತಿರುವವನ ಕೈ ಅದರ ಮೇಲಿರುತ್ತದೆ. ಬೀದಿಯ ನ್ಯೂಟ್ರಲ್ ಸರಿಯಾಗುವ ಹಾಗಿಲ್ಲದಿದ್ದರೆ ಬೀದಿ ಲೈನಿನಿಂದ ಮೆಷಿನ್ನನ್ನು ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿಸಿ. ಅದರ ಹೊರಬದಿಯ ಒಂದು ತುದಿಯನ್ನು ಅರ್ತ್‌ಗೆ ಕಟ್ಟುವುದು ನಿಯಮಬದ್ಧ, ಅಲ್ಲಿ ಹೊಸ ನ್ಯೂಟ್ರಲ್ಲೇ ಹುಟ್ಟುತ್ತದೆ.

ಯುಪಿಎಸ್ ಬೇಕಾದ್ದು ಪ್ರಿಂಟ್ ಮುಂದುವರಿಸಲಿಕ್ಕಲ್ಲ, ಹೆಡ್ ಕ್ಯಾಪಿಗೆ ವಾಪಸ್ ಬರಲಿಕ್ಕೆ. ಅರ್ಧ ದಾರಿಯಲ್ಲಿ ನಿಂತ ಹೆಡ್‌ನ ನಾಝಲ್‌ಗಳಲ್ಲಿ ಇಂಕ್ ನಿಮಿಷಗಳಲ್ಲೇ ಒಣಗಲು ಶುರು. 3 ಕೆವಿಎ ಆನ್‌ಲೈನ್ ಯುಪಿಎಸ್, ಹದಿನೈದು ನಿಮಿಷದ ಬ್ಯಾಟರಿ, ಅದರ ಮೇಲೆ ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಮಾತ್ರ. ಇವೆರಡರ ಅರ್ತ್ ಒಂದೇ ಇರಬೇಕು. ಬೇರೆಯಾದರೆ ವ್ಯತ್ಯಾಸದ ಕರೆಂಟು ಯುಎಸ್‌ಬಿ ಕೇಬಲ್ಲಿನಲ್ಲಿ ಹರಿಯುತ್ತದೆ. ಹೀಟರಿಗೆ ಪ್ರತ್ಯೇಕ ಪ್ಲಗ್ ಇದ್ದರೆ ಅದು ಸ್ಟೆಬಿಲೈಜರಿಗೆ. ವೋಲ್ಟೇಜ್ 190ಕ್ಕೆ ಇಳಿದರೆ ಹೀಟರಿನ ಶಕ್ತಿ ಶೇ 68 ಮಾತ್ರ. ಮಳೆಗಾಲದಲ್ಲಿ ಪ್ರಿಂಟ್ ಒಣಗದೆ ರೋಲ್‌ನಲ್ಲೇ ಅಂಟಿಕೊಂಡರೆ ಇಂಕ್ ಬೈಯುವ ಮುಂಚೆ ಸಾಕೆಟ್ ವೋಲ್ಟೇಜ್ ನೋಡಿ. ಮನೆಯ ಇನ್ವರ್ಟರ್ ಈ ಕೆಲಸಕ್ಕೆ ಬರುವುದಿಲ್ಲ.

ಕೋಣೆಯ ಉಷ್ಣತೆ 20ರಿಂದ 28 ಡಿಗ್ರಿ, ತೇವಾಂಶ ಶೇ 40ರಿಂದ 60. ಮಾರ್ಚ್ ಮಧ್ಯಾಹ್ನ ಗಾಳಿ ಒಣಗಿದಾಗ ಫ್ಲೆಕ್ಸಿನಲ್ಲಿ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ಏರಿ, ಇಂಕ್ ಹನಿ ಅಕ್ಷರದ ಅಂಚು ಬಿಟ್ಟು ಹಾರುತ್ತದೆ. ಮಂಡ್ಯದ ಕಡೆ ಆಲೆಮನೆ ಹತ್ತಿರವಿದ್ದರೆ ಕಬ್ಬು ಅರೆಯುವ ಕಾಲದಲ್ಲಿ ಮಸಿ ಸೀದಾ ಕ್ಯಾಪಿನ ಮೇಲೆ ಕೂರುತ್ತದೆ; ಶಟರ್ ಹಿಂದೆ ಗಾಜಿನ ಪಾರ್ಟಿಶನ್ ಇರಲಿ. ಸಾಲ್ವೆಂಟ್ ಆವಿ ಗಾಳಿಗಿಂತ ಭಾರ, ಎಕ್ಸಾಸ್ಟ್ ನೆಲದ ಹತ್ತಿರ ಹಾಕಿಸಿ. 10×20 ಮಳಿಗೆಗೆ ಹತ್ತಡಿ ಎತ್ತರವಿದ್ದರೆ ಗಂಟೆಗೆ ಹತ್ತು ಸಲ ಗಾಳಿ ಬದಲಿಸಲು ಹನ್ನೆರಡು ಇಂಚಿನ ಒಂದು ಫ್ಯಾನ್ ಧಾರಾಳ. ಅದರ ಎಳೆತ ಹೆಡ್ ಮೇಲಿಂದ ಹಾಯದಿರಲಿ. ಆಯುಧಪೂಜೆ ದಿನ ಮೆಷಿನ್ ಆಫ್ ಮಾಡಿ, ಇಂಕ್ ಬಾಟಲಿ ಹೊರಗಿಟ್ಟು, ಬಾಗಿಲು ತೆರೆದು ಕರ್ಪೂರ ಹಚ್ಚಿ. ಕುಂಕುಮ ಮೆಷಿನ್ ಮೈಗೆ ಇಡಿ, ರೈಲಿಗಂತೂ ಬೇಡ.

ಎಲ್ಲ ಮುಗಿದ ಮೇಲೆ, ಕ್ರೇಟ್ ಬಿಚ್ಚುವ ಮುಂಚೆ, ಒಂದೊಂದು 16 ಆಂಪ್ ಸಾಕೆಟ್ಟಿಗೂ ಎರಡು ಕಿಲೋವ್ಯಾಟ್ ಹೀಟರ್ ಹಾಕಿ ಅರ್ಧ ಗಂಟೆ ಓಡಿಸಿ. ಆಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್, ಸಾಕೆಟ್, ಎಂಸಿಬಿ ಮುಟ್ಟಿ ನೋಡಿ. ಕೈ ಸುಡುವಷ್ಟು ಬಿಸಿಯಾಗಿದ್ದರೆ ಒಳಗೆ ಸ್ಕ್ರೂ ಸಡಿಲವಿದೆ.