ರಿಯಾದ್ ರಿಪೇರಿ: ಗೋಡೆಯ ನೀರಿಗೆ ದಾರಿ ಬಿಡಿ

ಮೊರಾಕೊದ ಮಾರಕೇಶ್‌ನ ಹಳೆ ಊರಿನ ಓಣಿಗಳಲ್ಲಿ ಎರಡೂ ಕಡೆ ಬರೀ ಎತ್ತರದ ಮಣ್ಣಿನ ಬಣ್ಣದ ಗೋಡೆ. ಕಿಟಕಿ ಇಲ್ಲವೇ ಇಲ್ಲ ಅನ್ನಬಹುದು. ಬಾಗಿಲು ದಾಟಿ ಒಳಗೆ ಹೋದ ಮೇಲೇ ಮನೆ ಕಾಣುವುದು: ನಡುವೆ ಆಕಾಶಕ್ಕೆ ತೆರೆದ ಅಂಗಳ, ಕಿತ್ತಳೆ ಗಿಡಗಳು, ಸಣ್ಣ ಕಾರಂಜಿ, ಸುತ್ತ ಕೋಣೆಗಳು. ಇದೇ ರಿಯಾದ್. ಅರಬ್ಬಿಯಲ್ಲಿ ಆ ಪದಕ್ಕೆ ತೋಟ ಅಂತ ಅರ್ಥ. ನಮ್ಮ ತೊಟ್ಟಿ ಮನೆ ನೆನಪಾಗುತ್ತದೆ, ಅಲ್ವಾ? ಆದರೆ ನಮ್ಮದು ಮಳೆಗೆ ಮಾಡಿದ ಇಳಿಜಾರು ಮಾಡು, ಅಲ್ಲಿನದು ಬಿಸಿಲಿಗೆ ಮಾಡಿದ ಚಪ್ಪಟೆ ತಾರಸಿ.

ಮೊರಾಕೊದ ಇನ್ನೊಂದು ನಗರ ಫೆಜ್‌ನ ಹಳೆ ಊರು 1981ರಲ್ಲಿ, ಮಾರಕೇಶ್‌ನದು 1985ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಆಮೇಲೆ ಇಂಥ ಎಷ್ಟೋ ಮನೆಗಳನ್ನು ಕೊಂಡು, ರಿಪೇರಿ ಮಾಡಿಸಿ ಅತಿಥಿಗೃಹ ಮಾಡಿದ್ದಾರೆ. ಕೆಲವು ರಿಪೇರಿಗಳು ಮನೆಯನ್ನು ಉಳಿಸಿವೆ. ಕೆಲವು ವಯಸ್ಸಿಗಿಂತ ಜಾಸ್ತಿ ಹಾನಿ ಮಾಡಿವೆ, ಅದರಲ್ಲಿ ಮೊದಲ ಆರೋಪಿ ಸಿಮೆಂಟ್.

ಯಾಕೆ? ಅಲ್ಲಿನ ಹಳೆ ಗೋಡೆ ಹಲಗೆಗಳ ನಡುವೆ ಮಣ್ಣು ಹಾಕಿ ಗುದ್ದಿ ಗಟ್ಟಿ ಮಾಡಿದ್ದು, ಇಲ್ಲವೇ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕೂರಿಸಿದ್ದು. ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಅದು ನೆಲದ ತೇವವನ್ನು ಹೀರುತ್ತದೆ. ಹೀರಿದ್ದು ಆರಿಯೂ ಹೋಗುತ್ತದೆ, ಯಾಕೆಂದರೆ ಮೇಲೆ ಬಳಿದ ಸುಣ್ಣದ ಗಾರೆಯಲ್ಲೂ ಅಂಥದ್ದೇ ರಂಧ್ರಗಳಿವೆ. ಬರುವ ನೀರಿಗೂ ಹೋಗುವ ನೀರಿಗೂ ಲೆಕ್ಕ ಸರಿಹೋಗುವ ತನಕ ಗೋಡೆಗೆ ಏನೂ ಆಗುವುದಿಲ್ಲ.

ಈಗ ಯಾರೋ ಗೋಡೆಯ ಬುಡದಲ್ಲಿ ತೇವದ ಕಲೆ ನೋಡಿ, ಗಟ್ಟಿಯಾಗಲಿ ಅಂತ ಸಿಮೆಂಟ್ ಪ್ಲಾಸ್ಟರ್ ಮಾಡಿಸುತ್ತಾರೆ ಅಂದುಕೊಳ್ಳಿ. ಸ್ವಲ್ಪ ದಿನ ಕಲೆ ಕಾಣುವುದಿಲ್ಲ, ಆದರೆ ನೀರು ಎಲ್ಲಿಗೂ ಹೋಗಿಲ್ಲ. ಆರಲು ಜಾಗ ಸಿಗದೆ ಅದು ಸಿಮೆಂಟಿನ ಹಿಂದೆಯೇ ಇನ್ನೂ ಮೇಲಕ್ಕೆ ಹತ್ತುತ್ತದೆ, ಪ್ಲಾಸ್ಟರ್ ಮುಗಿಯುವ ಕಡೆ ಹೊರಬರುತ್ತದೆ, ಬರುವಾಗ ನೆಲದ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರಿದಲ್ಲಿ ಉಪ್ಪು ಹರಳುಗಟ್ಟುತ್ತದೆ, ಹರಳು ಬೆಳೆಯುತ್ತಾ ರಂಧ್ರಗಳನ್ನು ಒಳಗಿನಿಂದ ಒತ್ತುತ್ತದೆ, ಕೊನೆಗೆ ಪ್ಲಾಸ್ಟರ್ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅದಾದರೂ ಕಣ್ಣಿಗೆ ಕಾಣುತ್ತದೆ. ಕಾಣದ ಅಪಾಯ ಬೇರೆ ಇದೆ. ಒಣ ಜೇಡಿಮಣ್ಣು ಕಲ್ಲಿನ ಹಾಗೆ, ನೆನೆದರೆ ಮೆತ್ತಗೆ. ಎರಡು ಅಂತಸ್ತಿನ ಭಾರ ಹೊತ್ತ ಗೋಡೆ ಸಿಮೆಂಟಿನ ಹಿಂದೆ ಸದ್ದಿಲ್ಲದೆ ನೆನೆಯುತ್ತಿರುತ್ತದೆ.

ಹಾಗಾಗಿ ಕೆಲಸ ಬಲ್ಲ ಮೇಸ್ತ್ರಿ (ಅಲ್ಲಿ ಮಾಲೆಮ್ ಅಂತಾರೆ) ಮೊದಲು ಆ ಸಿಮೆಂಟ್ ಕೀಳಿಸುತ್ತಾನೆ. ಆಮೇಲೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕುತ್ತಾನೆ: ಒಡೆದ ಪೈಪು, ಕಟ್ಟಿಕೊಂಡ ಮೋರಿ, ತಾರಸಿಯ ಬಿರುಕು. ಅದನ್ನು ನಿಲ್ಲಿಸಿದ ಮೇಲೂ ದಪ್ಪ ಗೋಡೆ ಆರಲು ತಿಂಗಳುಗಳೇ ಬೇಕು. ದುಡ್ಡು ಹಾಕಿದವರಿಗೆ ಇದು ಕಷ್ಟದ ಕಾಲ, ಆದರೆ ಈ ಕಾಯುವಿಕೆಗೆ ಬದಲಿ ಇಲ್ಲ.

ಅಂಗಳದಲ್ಲೂ ಒಂದು ತಪ್ಪು ಆಗುತ್ತದೆ. ಮಳೆ, ಚಳಿ ಬೇಡ ಅಂತ ಮೇಲೆ ಗಾಜು ಹೊದಿಸಿಬಿಡುತ್ತಾರೆ. ಅಂಗಳ ತೆರೆದಿರುವುದು ಸುಮ್ನೆ ಅಲ್ಲ. ರಾತ್ರಿ ತಾರಸಿಯೂ ಅಂಗಳದ ನೆಲವೂ ತಿಳಿ ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗುತ್ತವೆ. ತಣ್ಣನೆಯ ಗಾಳಿಗೆ ಭಾರ ಜಾಸ್ತಿ, ಅದು ಅಂಗಳಕ್ಕೆ ಇಳಿದು ಕೋಣೆಗಳಿಗೆ ಹರಡುತ್ತದೆ. ಹಗಲು ಎತ್ತರದ ಗೋಡೆಗಳ ನೆರಳು ಆ ತಂಪನ್ನು ಕಾಯುತ್ತದೆ. ಕಾರಂಜಿಯದೂ ಪಾಲಿದೆ: 1 ಲೀಟರ್ ನೀರು ಆವಿಯಾಗುವಾಗ ಸುಮಾರು 2400 ಕಿಲೋಜೂಲ್ ಶಾಖವನ್ನು ಸುತ್ತಲಿಂದ ಎಳೆದುಕೊಳ್ಳುತ್ತದೆ. 7 ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಲು ಅಷ್ಟು ಶಾಖ ಸಾಕು! ಗಾಜು ಮುಚ್ಚಿದರೆ ಬಿಸಿಲು ಒಳಗೆ ಬರುತ್ತದೆ, ಶಾಖ ಹೊರಗೆ ಹೋಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ಅಗಾದಿರ್‌ನಲ್ಲಿ 50.4 ಡಿಗ್ರಿ ದಾಖಲಾದ ದೇಶ ಅದು. ಮುಚ್ಚಲೇಬೇಕು ಅಂತಿದ್ದರೆ ಪಕ್ಕಕ್ಕೆ ಸರಿಸುವಂಥದ್ದನ್ನು ಹಾಕಿಸಲಿ.

ಅದೇ ವರ್ಷ ಸೆಪ್ಟೆಂಬರ್ 8ರ ರಾತ್ರಿ 6.8 ತೀವ್ರತೆಯ ಭೂಕಂಪವಾಯಿತು. ಸತ್ತವರು ಸುಮಾರು 3000. ಹೆಚ್ಚಿನವರು ಅಟ್ಲಾಸ್ ಬೆಟ್ಟದ ಹಳ್ಳಿಗಳವರು, ಆದರೆ ಮಾರಕೇಶ್‌ನ ಹಳೆ ಊರಿನಲ್ಲೂ ಮನೆಗಳು ಬಿದ್ದವು. ಭೂಮಿ ಅಲುಗಿದಾಗ ಮೇಲೆ ಎಷ್ಟು ಭಾರ ಇದೆಯೋ ಗೋಡೆಯ ಮೇಲೆ ಅಷ್ಟು ಜಾಸ್ತಿ ತಳ್ಳಾಟ. ದೇವದಾರು ತೊಲೆಗಳ ಚಾವಣಿ ತೆಗೆದು ಕಾಂಕ್ರೀಟ್ ಸ್ಲ್ಯಾಬ್ ಹಾಕಿಸುವ ಮುಂಚೆ ಇದನ್ನು ಯೋಚಿಸಬೇಕು. ತೊಲೆ ಕೊಳೆಯುವುದು ಹೆಚ್ಚಾಗಿ ಗೋಡೆಯೊಳಗೆ ಸೇರಿದ ತುದಿಯಲ್ಲಿ, ಮತ್ತೆ ಅದೇ ತೇವದಿಂದ. ತುದಿಯನ್ನಷ್ಟೇ ಕತ್ತರಿಸಿ ಹೊಸ ಮರ ಜೋಡಿಸಬಹುದು.

ಹಾಗಾದರೆ ಬಚ್ಚಲುಮನೆಗೆ ಏನು ಮಾಡುವುದು? ಅಲ್ಲಂತೂ ನೀರನ್ನು ತಡೆಯಲೇಬೇಕು. ಮಾರಕೇಶ್‌ನವರ ಉತ್ತರ ತದಲಾಕ್ತ್, ಇಡೀ ಮನೆಯಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ. ಸುಣ್ಣದ ಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ, ಆ ಸುಣ್ಣವನ್ನು ಗೋಡೆಗೆ ಬಳಿದು, ಅದು ಪೂರ್ತಿ ಒಣಗುವ ಮುಂಚೆ ನುಣ್ಣನೆಯ ಕಲ್ಲಿನಿಂದ ತಿಕ್ಕುತ್ತಾರೆ. ಕೊನೆಗೆ ಆಲಿವ್ ಎಣ್ಣೆಯ ಕಪ್ಪು ಸಾಬೂನು ಸವರುತ್ತಾರೆ. ಸುಣ್ಣದ ಕ್ಯಾಲ್ಸಿಯಂ ಸಾಬೂನಿನ ಕೊಬ್ಬಿನಾಮ್ಲದ ಜೊತೆ ಸೇರಿ ನೀರಿನಲ್ಲಿ ಕರಗದ ಪದರವಾಗುತ್ತದೆ. ಗಡಸು ಬೋರ್‌ವೆಲ್ ನೀರಿನಲ್ಲಿ ಸೋಪು ಹಾಕಿದಾಗ ಬಕೆಟ್ಟಿಗೆ ಬಿಳಿ ಜಿಡ್ಡು ಅಂಟುತ್ತದಲ್ಲ, ಅದೂ ಇದೇ ಜಾತಿಯದು. ನಮಗೆ ಉಜ್ಜಿದರೂ ಹೋಗದ ಕರೆ, ಅವರಿಗೆ ನೀರು ಜಾರುವ ಗೋಡೆ. ಅಡಿಯಲ್ಲಿ ಉಳಿದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರುತ್ತಾ ನಿಧಾನಕ್ಕೆ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಈ ಗೋಡೆಯನ್ನು ತೊಳೆಯುವುದೂ ಅದೇ ಕಪ್ಪು ಸಾಬೂನಿನಿಂದ. ಬಾತ್‌ರೂಮ್ ಆಸಿಡ್, ವಿನೆಗರ್, ನಿಂಬೆರಸ ಮಾತ್ರ ಹತ್ತಿರ ತರಬಾರದು. ಒಂದು ಹನಿ ಬಿದ್ದರೂ ಅಲ್ಲಿ ಸುಣ್ಣ ಕರಗಿ ಹೊಳಪು ಹೋಗುತ್ತದೆ.