ಮುದ್ರೆಯಿಲ್ಲದ ಹಿತ್ತಾಳೆ ಬೆಕ್ಕು ನಕಲಿಯೇ?

ಪ್ರಶ್ನೆ: ಆಸ್ಟ್ರಿಯಾದ ಕಲಾವಿದ ವಾಲ್ಟರ್ ಬೊಸ್ಸೆಯದೆಂದು ಕೊಂಡ ಹಿತ್ತಾಳೆ ಬೆಕ್ಕಿನ ಗೊಂಬೆಯ ಅಡಿಯಲ್ಲಿ ತಯಾರಕರ ಯಾವ ಮುದ್ರೆಯೂ ಇಲ್ಲ. ನಾನು ಮೋಸಹೋದೆನೇ?

ಮುದ್ರೆಯಿಲ್ಲ ಎಂಬ ಒಂದೇ ಕಾರಣಕ್ಕೆ ಹಾಗೆ ತೀರ್ಮಾನಿಸಬೇಡಿ. ಎಷ್ಟು ಬಾರಿ ಹೇಳಿದರೂ 'ಮುದ್ರೆಯಿದ್ದರೆ ಅಸಲಿ, ಇಲ್ಲದಿದ್ದರೆ ನಕಲಿ' ಎಂಬ ನಂಬಿಕೆ ಹೋಗುತ್ತಿಲ್ಲವಾದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಈ ನಂಬಿಕೆ ಹುಟ್ಟಿದ್ದಕ್ಕೆ ಕಾರಣವಿದೆ. ವಿಯೆನ್ನಾದಲ್ಲಿ 1898ರಲ್ಲಿ ಆರಂಭವಾದ ಹಾಗೆನಾವರ್ ಕಾರ್ಯಾಗಾರದ ವಸ್ತುಗಳಲ್ಲಿ ವೃತ್ತದೊಳಗಿನ 'ಡಬ್ಲ್ಯೂಎಚ್‌ಡಬ್ಲ್ಯೂ' ಮುದ್ರೆ ಸಾಮಾನ್ಯವಾಗಿ ಕಾಣುತ್ತದೆ. ಅದನ್ನು ನೋಡಿ ಅಭ್ಯಾಸವಾದವರು ಅದೇ ಅಳತೆಗೋಲನ್ನು ಬೊಸ್ಸೆಗೂ ಹಚ್ಚುತ್ತಾರೆ. ಆದರೆ ಬೊಸ್ಸೆ ವಿನ್ಯಾಸಗೊಳಿಸಿ, ಹೆರ್ಟಾ ಬಾಲರ್ ಅವರ ಕಾರ್ಯಾಗಾರದಲ್ಲಿ ತಯಾರಾದ ಗೊಂಬೆಗಳ ಪೈಕಿ ಕೆಲವಕ್ಕೆ ಬೊಸ್ಸೆಯ ಹೆಸರಿದ್ದರೆ, ಕೆಲವಕ್ಕೆ ಬಾಲರ್ ಹೆಸರಿದೆ, ಇನ್ನು ಕೆಲವಕ್ಕೆ 'ಮೇಡ್ ಇನ್ ಆಸ್ಟ್ರಿಯಾ' ಎಂದಷ್ಟೇ ಇದೆ, ಏನೂ ಇಲ್ಲದವೂ ಇವೆ. ಬೆರಳುದ್ದದ ಬೆಕ್ಕಿನ ಪಾದದಲ್ಲಿ ಮುದ್ರೆಯೊತ್ತಲು ಜಾಗವಾದರೂ ಎಲ್ಲಿದೆ? ಇನ್ನೊಂದೆಡೆ, ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದರೆ ಅದರ ಮುದ್ರೆಯೂ ಜೊತೆಗೇ ಇಳಿದು ಬರುತ್ತದೆ. ಒಂದರ ಮೇಲೊಂದು ಕೂರುವ ಬೊಸ್ಸೆಯ ಹೆಡ್ಜ್‌ಹಾಗ್ ಆಶ್‌ಟ್ರೇಗಳನ್ನು ಹಲವು ದೇಶಗಳಲ್ಲಿ ನಕಲು ಮಾಡಿದರು. ಅವುಗಳ ವಿರುದ್ಧ ನ್ಯಾಯಾಲಯಕ್ಕೆ ಅಲೆದ ಆತ 1979ರಲ್ಲಿ ಬಡತನದಲ್ಲೇ ತೀರಿಕೊಂಡ.

ಹಾಗಾದರೆ ಏನನ್ನು ನೋಡಬೇಕು? ಅಳತೆಯನ್ನು. ಕರಗಿದ ಹಿತ್ತಾಳೆ ಆರುವಾಗ ಸುಮಾರು ಶೇ. 1.5ರಷ್ಟು ಕುಗ್ಗುವುದರಿಂದ, ಅಸಲಿಯನ್ನೇ ಅಚ್ಚಾಗಿಸಿದ ನಕಲು ಮೂಲಕ್ಕಿಂತ ತುಸು ಚಿಕ್ಕದಾಗುತ್ತದೆ, 10 ಸೆಂ.ಮೀ. ಗೊಂಬೆಯಲ್ಲಿ ಇದು ಒಂದೂವರೆ ಮಿ.ಮೀ., ಕ್ಯಾಲಿಪರ್ ಎಂಬ ಅಳತೆಯ ಸಾಧನಕ್ಕೆ ಸುಲಭವಾಗಿ ಸಿಗುವ ವ್ಯತ್ಯಾಸ. ಆಮೇಲೆ ಕಣ್ಣಿನ ಗೀರು, ಕಿವಿಯ ಅಂಚುಗಳನ್ನು ಭೂತಗನ್ನಡಿಯಲ್ಲಿ ನೋಡಿ. ನಕಲಿನಲ್ಲಿ ಅವು ಮೊಂಡಾಗಿ, ಗೀರು ಅರ್ಧ ತುಂಬಿಕೊಂಡಂತಿರುತ್ತದೆ. ಇದನ್ನು ಗುರುತಿಸಲು ಕಲಿತ ಕಣ್ಣು ಮುದ್ರೆಗಾಗಿ ಹುಡುಕುವುದೇ ಇಲ್ಲ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು: ದೇವರ ದೀಪ ಬೆಳಗುವಂತೆ ಇದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಬೊಸ್ಸೆಯ 'ಕಪ್ಪು-ಚಿನ್ನ' ಶೈಲಿಯಲ್ಲಿ ಮೈಯನ್ನೆಲ್ಲ ಬೇಕೆಂದೇ ಕಪ್ಪಾಗಿಸಿ, ಉಬ್ಬಿದ ಭಾಗಗಳನ್ನು ಮಾತ್ರ ಉಜ್ಜಿ ಹೊಳಪು ಬರಿಸಿದ್ದಾರೆ. ಆ ಕಪ್ಪು ಕೊಳೆಯಲ್ಲ, ವಿನ್ಯಾಸದ ಅರ್ಧಭಾಗ. ಧೂಳು ತೆಗೆಯಲು ಒಣಗಿದ ಮೆತ್ತನೆಯ ಬಟ್ಟೆ, ಸಂದುಗಳಿಗೆ ಮೃದುವಾದ ಬ್ರಷ್ ಸಾಕು.