ಓದುಗರ ಪ್ರಶ್ನೆ: ಮಸ್ಕತ್‌ನಿಂದ ಹೊರಟು ಒಂದೇ ದಿನದಲ್ಲಿ ನಿಜ್ವಾ, ಬಹ್ಲಾ, ಜಬ್ರೀನ್ ಕೋಟೆಗಳನ್ನು ನೋಡಿ ಬರಬಹುದೇ?

ಪ್ರಶ್ನೆ: ನವೆಂಬರ್‌ನಲ್ಲಿ ಒಂದು ವಾರ ಒಮಾನ್‌ಗೆ ಹೋಗುತ್ತಿದ್ದೇವೆ. ಉಳಿಯುವುದು ಮಸ್ಕತ್‌ನಲ್ಲಿ. ಒಳನಾಡಿನ ಕೋಟೆಗಳಿಗೆ ಒಂದು ದಿನ ಮಾತ್ರ ಕೊಡಲು ಸಾಧ್ಯ. ಜೊತೆಗೆ ವಯಸ್ಸಾದ ತಂದೆಯವರಿದ್ದಾರೆ. ಮೂರೂ ಕೋಟೆ ನೋಡುವುದು ಆಗುವ ಮಾತೇ? ಯಾವುದನ್ನು ಬಿಟ್ಟರೆ ನಷ್ಟವಿಲ್ಲ?

ಉತ್ತರ: ಖಂಡಿತ ಆಗುತ್ತದೆ. ಆದರೆ ಬಹುತೇಕರು ಮಾಡುವ ಹಾಗೆ ನಿಜ್ವಾದಿಂದ ಶುರು ಮಾಡಬೇಡಿ. ಎಲ್ಲಕ್ಕಿಂತ ದೂರವಿರುವ ಜಬ್ರೀನ್‌ಗೆ ಮೊದಲು ಹೋಗಿ, ಹಿಂದಕ್ಕೆ ಬರುತ್ತ ಬಹ್ಲಾ ನೋಡಿ, ನಿಜ್ವಾವನ್ನು ಕೊನೆಗೆ ಇಟ್ಟುಕೊಳ್ಳಿ. ಮತ್ತೆ, ಆ ದಿನ ಶುಕ್ರವಾರ ಆಗಿರಬಾರದು.

ಮಸ್ಕತ್‌ನಿಂದ ನಿಜ್ವಾಕ್ಕೆ ಸುಮಾರು 160 ಕಿ.ಮೀ. ಅಲ್ಲಿಂದ ಬಹ್ಲಾ ಇನ್ನೂ 40 ಕಿ.ಮೀ. ಆಸುಪಾಸು, ಬಹ್ಲಾ ದಾಟಿದರೆ ಹತ್ತು ಕಿ.ಮೀ. ಒಳಗೆ ಜಬ್ರೀನ್. ದಾರಿ ಉದ್ದಕ್ಕೂ ಒಳ್ಳೆಯ ಹೆದ್ದಾರಿ, ಮಾಮೂಲಿ ಸಣ್ಣ ಕಾರು ಸಾಕು. ಮೊದಲು ಸಿಗುವುದು ನಿಜ್ವಾ ಎಂದು ಅಲ್ಲೇ ಇಳಿದವರು ಕೋಟೆ, ಮಾರುಕಟ್ಟೆ, ಊಟ ಎಂದು ಮಧ್ಯಾಹ್ನ 2 ಗಂಟೆ ಮಾಡಿಬಿಡುತ್ತಾರೆ. ಬೇಗ ಬಾಗಿಲು ಹಾಕುವುದು ಬಹ್ಲಾ ಮತ್ತು ಜಬ್ರೀನ್. ಸಂಜೆ 4ರ ನಂತರ ಅಲ್ಲಿ ಒಳಗೆ ಬಿಡುತ್ತಾರೆಂದು ನಂಬಿ ಹೋಗುವಂತಿಲ್ಲ. ನಿಜ್ವಾ ಕೋಟೆ ಅವುಗಳಿಗಿಂತ ತಡವಾಗಿ ಮುಚ್ಚುತ್ತದೆ. ಪಕ್ಕದ ಹಳೇ ಮಾರುಕಟ್ಟೆಯ ಅಂಗಡಿಗಳು ಮಧ್ಯಾಹ್ನ 1ರಿಂದ 4ರವರೆಗೆ ಮುಚ್ಚಿದ್ದು, ಸಂಜೆ ಮತ್ತೆ ತೆರೆಯುತ್ತವೆ. ಅಂದರೆ ನಿಜ್ವಾ ಸಂಜೆಯ ಊರು. ಹಾಗೆಂದೇ ಬಳಸಿಕೊಳ್ಳಿ.

ಬೆಳಗ್ಗೆ 6.30ಕ್ಕೆ ಹೊರಟರೆ 9ರ ಹೊತ್ತಿಗೆ ಜಬ್ರೀನ್ ಮುಂದೆ ಇರುತ್ತೀರಿ. ಅಲ್ಲಿಗೆ ಒಂದೂವರೆ ಗಂಟೆ, ಬಹ್ಲಾಕ್ಕೆ ಒಂದು ಗಂಟೆ. ಬಹ್ಲಾ ಪೇಟೆಯಲ್ಲೇ ಊಟ. 2ಕ್ಕೆ ನಿಜ್ವಾ ತಲುಪಿದರೆ ಕೋಟೆ ನೋಡಿ ಇಳಿಯುವಷ್ಟರಲ್ಲಿ ಮಾರುಕಟ್ಟೆ ತೆರೆದಿರುತ್ತದೆ. ನವೆಂಬರ್‌ನಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುವುದರಿಂದ ವಾಪಸು ಪ್ರಯಾಣ ಕತ್ತಲಲ್ಲೇ. ಹೆದ್ದಾರಿಯಲ್ಲಿ ವೇಗದ ಮಿತಿ 120 ಇದ್ದರೂ ಊರು ಹತ್ತಿರವಾದಂತೆ ಇಳಿಯುತ್ತದೆ, ಕ್ಯಾಮೆರಾಗಳೂ ಹೇರಳ. ವಾಹನ ಬಲಬದಿಯಲ್ಲಿ ಓಡಿಸಬೇಕಾದ ದೇಶವಾದ್ದರಿಂದ ನಮ್ಮವರು ಎಡವುವುದು ವೃತ್ತಗಳಲ್ಲಿ. ಒಳಗೆ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು, ಅದು ಬರುವುದು ನಿಮ್ಮ ಎಡದಿಂದ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನ ಆರ್‌ಟಿಒದಲ್ಲೇ ಮಾಡಿಸಿಕೊಂಡು ಹೋಗಿ. ಅದು 1 ವರ್ಷ ನಡೆಯುತ್ತದೆ.

ಜಬ್ರೀನ್ ಮೊದಲು ಎನ್ನಲು ಇನ್ನೊಂದು ಕಾರಣವಿದೆ. ಮೂರರಲ್ಲಿ ಒಂದನ್ನೇ ನೋಡಲು ಸಾಧ್ಯ ಎಂದರೆ ಅದು ಇದೇ ಆಗಬೇಕು. ಅಂದು ಒಮಾನ್ ಆಳುತ್ತಿದ್ದ ಯಾರುಬಿ ಮನೆತನದ ಇಮಾಮ್ (ಅಲ್ಲಿ ದೊರೆಗೂ ಇದೇ ಬಿರುದು) ಬಿಲ್‌ಅರಬ್ ಬಿನ್ ಸುಲ್ತಾನ್ 17ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿಸಿದ ಈ ಕೋಟೆ ನಿಜಕ್ಕೂ ಅರಮನೆ. ವಿದ್ಯಾರ್ಥಿಗಳು ಓದುತ್ತಿದ್ದ ಕೋಣೆಗಳು, ಮಹಡಿ ಮೇಲೆ ಇಮಾಮರ ಕುದುರೆಗೊಂದು ಕೋಣೆ, ಬಣ್ಣದ ಹೂಬಳ್ಳಿ ಬರೆದ ಮರದ ಚಾವಣಿಗಳು ಇಲ್ಲಿವೆ. ಸೂರ್ಯಚಂದ್ರರ ಕೋಣೆ ಎಂದು ಕರೆಯುವ ಸಭಾಂಗಣದಲ್ಲಿ ಹತ್ತು ನಿಮಿಷ ಕೂತುಕೊಳ್ಳಿ. ಅದಕ್ಕೆ 14 ಕಿಟಕಿಗಳು, ಏಳು ನೆಲದ ಹತ್ತಿರ, ಏಳು ಮೇಲೆ. ಕೆಳಗಿನಿಂದ ತಂಪು ಗಾಳಿ ಒಳಬಂದು, ಬಿಸಿಯಾದದ್ದು ಮೇಲಿನವುಗಳಿಂದ ಹೊರಹೋಗುತ್ತದೆ. ಹೊರಗೆ ಬಿಸಿಲು ಏರಿದಾಗ ಒಳಗೆ ಕೂತವರಿಗೆ ವ್ಯತ್ಯಾಸ ಚರ್ಮಕ್ಕೇ ತಿಳಿಯುತ್ತದೆ. ಕೆಳಗೆ, ಕೋಟೆಯೊಳಗೆ ಹಾದುಹೋಗುವ ನೀರಿನ ಕಾಲುವೆಯ ಬಳಿ, ಕಟ್ಟಿಸಿದ ಇಮಾಮರದೇ ಸಮಾಧಿ ಇದೆ.

ಇಲ್ಲಿ ತಪ್ಪಿಸಿಕೊಳ್ಳಬಾರದ ಇನ್ನೊಂದು ಜಾಗ ಖರ್ಜೂರದ ಉಗ್ರಾಣ. ಬಾಗಿಲಲ್ಲಿ ನಿಂತು ಇಣುಕಿ ಖಾಲಿ ಕೋಣೆ ಎಂದು ಮುಂದೆ ಹೋಗುವವರೇ ಹೆಚ್ಚು. ನೆಲ ನೋಡಿ. ಉದ್ದಕ್ಕೂ ಸಾಲಾಗಿ ಎತ್ತರಿಸಿದ ದಿಂಡುಗಳು, ಎರಡರ ನಡುವೆ ಒಂದೊಂದು ಕಿರುಗಾಲುವೆ. ಗರಿಯಿಂದ ಹೆಣೆದ ಚೀಲಗಳಲ್ಲಿ ಖರ್ಜೂರ ತುಂಬಿ ಒಂದರ ಮೇಲೊಂದು ಒಟ್ಟುತ್ತಿದ್ದರು. ಮೇಲಿನ ಚೀಲಗಳ ಭಾರಕ್ಕೆ ಕೆಳಗಿನ ಹಣ್ಣಿನಿಂದ ರಸ ಜಿನುಗಿ, ಕಾಲುವೆಗಳಲ್ಲಿ ಹರಿದು, ತುದಿಯಲ್ಲಿಟ್ಟ ಗಡಿಗೆಗೆ ಬೀಳುತ್ತಿತ್ತು. ವರ್ಷವಿಡೀ ಹೊಟ್ಟೆ ತುಂಬಿಸುತ್ತಿದ್ದದ್ದು ಇದು. ಕಾದಾಟ ಬಂದರೆ ಇದೇ ರಸವನ್ನು ಕುದಿಸಿ ಶತ್ರುವಿನ ತಲೆ ಮೇಲೆ ಸುರಿಯುತ್ತಿದ್ದರು. ಅದಕ್ಕೆಂದೇ ಬಿಟ್ಟ ಕಿಂಡಿಗಳನ್ನು ಸಂಜೆ ನಿಜ್ವಾದಲ್ಲಿ ನೋಡುತ್ತೀರಿ.

ಬಹ್ಲಾ ಒಮಾನ್‌ನಿಂದ ವಿಶ್ವ ಪರಂಪರೆ ಪಟ್ಟಿ ಸೇರಿದ ಮೊದಲ ತಾಣ, 1987ರಲ್ಲಿ. ಮರುವರ್ಷವೇ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಬೇಕಾಯಿತು. ಕಲ್ಲಿನ ತಳಪಾಯದ ಮೇಲೆ ಹಸಿ ಇಟ್ಟಿಗೆಯಲ್ಲಿ ಕಟ್ಟಿದ ಗೋಡೆಗಳು ಮಳೆಗೆ ಕರಗುತ್ತಿದ್ದವು, ರಿಪೇರಿಗೆ ಕಾಂಕ್ರೀಟ್ ಬಳಸಿದ್ದು ಇನ್ನಷ್ಟು ಕೆಡಿಸಿತು. ಮಣ್ಣಿನ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಸಿಮೆಂಟು ಹೊರದಾರಿ ಮುಚ್ಚಿದರೆ ತೇವ ಒಳಗೇ ಉಳಿದು ಗೋಡೆ ಸಡಿಲವಾಗುತ್ತದೆ. ಸಾಂಪ್ರದಾಯಿಕ ಸಾಮಗ್ರಿಗೆ ಮರಳಿ ವರ್ಷಗಟ್ಟಲೆ ದುರಸ್ತಿ ನಡೆಸಿದ ಮೇಲೆ, 2004ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂತು. ಒಳಗೆ ಜಬ್ರೀನ್‌ನಂತೆ ಜೋಡಿಸಿಟ್ಟ ವಸ್ತುಗಳಿಲ್ಲ, ವಿವರಣೆಯ ಫಲಕಗಳೂ ಅಷ್ಟಕ್ಕಷ್ಟೆ. ಗೋಡೆ, ಬುರುಜು, ಅಂಗಳ, ಮತ್ತೆ ಗೋಡೆ. ಅದಕ್ಕೇ ಬೇಸರವಾಯಿತು ಎನ್ನುವವರಿದ್ದಾರೆ. ಅವರು ಮಾಡಬೇಕಿದ್ದದ್ದು ಇಷ್ಟೇ: ನೇರ ಎತ್ತರದ ಭಾಗಕ್ಕೆ ಹತ್ತಿ ಸುತ್ತ ನೋಡುವುದು. ಖರ್ಜೂರದ ತೋಟ, ಮಣ್ಣಿನ ಮನೆಗಳು, ಇಡೀ ಓಯಸಿಸ್ಸನ್ನು ಬಳಸಿ ಹೋಗಿರುವ ಸುಮಾರು 12 ಕಿ.ಮೀ. ಉದ್ದದ ಹಳೆಯ ಗೋಡೆಯ ಉಳಿಕೆಗಳು ಅಲ್ಲಿಂದ ಕಾಣುತ್ತವೆ. ಪಟ್ಟಿಗೆ ಸೇರಿದ್ದು ಈ ಕೋಟೆಯೊಂದೇ ಅಲ್ಲ, ಸುತ್ತಲಿನ ನೆಲೆಯೂ ಹೌದು.

ನಿಜ್ವಾದ ಮಹಾಬುರುಜು ಕಟ್ಟಿಸಿದ್ದು ಬಿಲ್‌ಅರಬ್‌ನ ತಂದೆ ಸುಲ್ತಾನ್ ಬಿನ್ ಸೈಫ್. 1650ರಲ್ಲಿ ಪೋರ್ಚುಗೀಸರನ್ನು ಮಸ್ಕತ್‌ನಿಂದ ಓಡಿಸಿದವನು ಅವನೇ. ಅದಾಗಿ ಎರಡು ಮೂರು ವರ್ಷಗಳಲ್ಲಿ ಸಮುದ್ರದ ಈಚೆ ದಡದಲ್ಲಿ ಕೆಳದಿಯ ಶಿವಪ್ಪ ನಾಯಕ ಬಸ್ರೂರು, ಹೊನ್ನಾವರ, ಮಂಗಳೂರು ಕೋಟೆಗಳನ್ನು ಅದೇ ಪೋರ್ಚುಗೀಸರಿಂದ ಕಿತ್ತುಕೊಂಡ. ಕರಾವಳಿಯ ಚರಿತ್ರೆ ಗೊತ್ತಿದ್ದವರಿಗೆ ಈ ಬುರುಜು ಪರಕೀಯ ಎನಿಸುವುದಿಲ್ಲ. ಫಿರಂಗಿ ಯುಗಕ್ಕೆಂದೇ ಕಟ್ಟಿದ್ದು ಇದು. ಸುಮಾರು 30 ಮೀಟರ್ ಎತ್ತರದ ಗುಂಡು ಗೋಪುರದ ಒಳಭಾಗಕ್ಕೆ ಅರ್ಧದಷ್ಟು ಎತ್ತರ ಮಣ್ಣು, ಕಲ್ಲು ತುಂಬಿಸಿದ್ದಾರೆ. ಹೊರಗಿನಿಂದ ಗುಂಡು ಬಿದ್ದರೂ, ಮೇಲಿನಿಂದ ತಮ್ಮದೇ ಫಿರಂಗಿ ಸಿಡಿದರೂ ಅದರ ಅದುರನ್ನು ಈ ತುಂಬು ಹೀರಿಕೊಳ್ಳುತ್ತದೆ. ಮೇಲೆ ಹತ್ತುವ ಮೆಟ್ಟಿಲು ಇಕ್ಕಟ್ಟಾಗಿ, ತಿರುತಿರುಗಿ ಹೋಗುತ್ತದೆ, ಒಂದಾದ ಮೇಲೊಂದು ಬಾಗಿಲು. ಬಾಗಿಲ ಬಳಿ ನೆಲದಲ್ಲಿ ಗುಂಡಿ. ಅಂದು ಅದರ ಮೇಲಿದ್ದ ಹಲಗೆ ಸರಿಸಿದರೆ ನುಗ್ಗಿದವನು ನೇರ ಕೆಳಗೆ. ಪ್ರತಿ ಬಾಗಿಲಿನಲ್ಲೂ ನಿಂತು ತಲೆ ಎತ್ತಿ ನೋಡಿ, ಸೀಳಿದಂತಿರುವ ಕಿಂಡಿ ಕಾಣುತ್ತದೆ. ಬೆಳಗ್ಗೆ ಕಂಡ ಖರ್ಜೂರದ ರಸ ಕುದಿಕುದಿಯುತ್ತ ಇಳಿಯುತ್ತಿದ್ದದ್ದು ಇಲ್ಲಿಂದ.

ನಿಮ್ಮ ತಂದೆಯವರ ವಿಷಯ. ಮೂರೂ ಕಡೆ ಮೆಟ್ಟಿಲುಗಳು ಕಡಿದು, ಎತ್ತರ ಒಂದರಂತೆ ಒಂದಿಲ್ಲ, ಹಿಡಿದುಕೊಳ್ಳಲು ಎಲ್ಲ ಕಡೆ ಆಸರೆಯೂ ಇಲ್ಲ. ಮಂಡಿ ನೋವಿದ್ದರೆ ಜಬ್ರೀನ್‌ನ ಕೆಳ ಅಂತಸ್ತು, ನಿಜ್ವಾ ಕೋಟೆಯ ಅಂಗಳ ಮತ್ತು ವಸ್ತುಸಂಗ್ರಹಾಲಯದ ಕೋಣೆಗಳಿಗೆ ನಿಲ್ಲಿಸಿ. ಬಹ್ಲಾ ಹತ್ತುವುದು ಬೇಡ. ಆ ಸಮಯಕ್ಕೆ ಬದಲಾಗಿ ದಾರಿಯಲ್ಲೇ ಸಿಗುವ ಫಲಜ್ ತೋರಿಸಿ, ಅಲ್ಲಿ ಸಮತಟ್ಟು ನೆಲ. ಬೆಟ್ಟದ ಬುಡದ ಅಂತರ್ಜಲವನ್ನು ಸುರಂಗದಲ್ಲಿ, ಬರೀ ಇಳಿಜಾರಿನ ಬಲದಿಂದ ತೋಟಕ್ಕೆ ತರುವ ಕಾಲುವೆ ಇದು. ನಮ್ಮ ಬೀದರ್‌ನ ನೌಬಾದಿನ ಕರೇಜ್ ಕೂಡ ಇದೇ ವಿದ್ಯೆ. ಒಮಾನ್‌ನ ಐದು ಫಲಜ್‌ಗಳು 2006ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದವು. ಅವುಗಳಲ್ಲಿ ಎರಡು ನಿಮ್ಮ ದಾರಿಯಲ್ಲೇ ಇವೆ: ನಿಜ್ವಾಕ್ಕಿಂತ ಮೊದಲು ಬಿರ್ಕತ್ ಅಲ್ ಮೌಜ್‌ನ ಅಲ್ ಖತ್ಮೀನ್, ನಿಜ್ವಾದಿಂದ ಬಹ್ಲಾ ಕಡೆ ಹೋಗುವಾಗ ದಾರಿಸ್. ನೀರಿಗೆ ಸೋಪು ಮುಟ್ಟಿಸಬೇಡಿ, ಮೇಲ್ಭಾಗದಲ್ಲಿ ಕಾಲಿಳಿಬಿಡಬೇಡಿ. ಕೆಳಗಿನವರು ಈಗಲೂ ಅದನ್ನು ಬಳಸುತ್ತಾರೆ.

ಶುಕ್ರವಾರ ಬೇಡ ಎಂದದ್ದು ಮಧ್ಯಾಹ್ನದ ನಮಾಜಿನ ಕಾರಣಕ್ಕೆ. ಕೋಟೆಗಳ ಸಮಯ ಅಂದು ಮೊಟಕಾಗುತ್ತದೆ, ಬಹ್ಲಾ, ಜಬ್ರೀನ್ ನೋಡುವುದಿದ್ದರೆ ಬೆಳಗ್ಗೆ 11ರೊಳಗೆ ಮುಗಿಯಬೇಕು. ಆದರೆ ನಿಜ್ವಾದ ಆಡಿನ ಸಂತೆ ಸೇರುವುದೂ ಶುಕ್ರವಾರ ಮುಂಜಾನೆಯೇ. ಮಾರುವವರು ಆಡುಗಳನ್ನು ಹಗ್ಗ ಹಿಡಿದು ವೃತ್ತದಲ್ಲಿ ಸುತ್ತಿಸುತ್ತಾರೆ, ಕೊಳ್ಳುವವರು ಎರಡೂ ಬದಿ ಕೂತು ಕೂಗಿ ಬೆಲೆ ಕಟ್ಟುತ್ತಾರೆ. 7ಕ್ಕೆ ಅಲ್ಲಿರಬೇಕು, 9ಕ್ಕೆಲ್ಲ ಖಾಲಿ. ಸಂತೆಯೇ ಬೇಕೆಂದಿದ್ದರೆ ಹಿಂದಿನ ರಾತ್ರಿ ನಿಜ್ವಾದಲ್ಲಿ ಉಳಿದು, ಗುರುವಾರವೇ ಜಬ್ರೀನ್, ಬಹ್ಲಾ ಮುಗಿಸಿಕೊಳ್ಳಿ. ರಂಜಾನ್ ತಿಂಗಳಲ್ಲಿ ಎಲ್ಲ ಸಮಯವೂ ಬದಲಾಗುತ್ತದೆ, ಹಗಲು ಹೊತ್ತು ಸಾರ್ವಜನಿಕ ಜಾಗದಲ್ಲಿ ನೀರು ಕುಡಿಯುವುದೂ ಸಲ್ಲದು.

ಭುಜ, ಮಂಡಿ ಮುಚ್ಚುವ ಬಟ್ಟೆ, ಜಾರದ ಶೂ, ತಲೆಗೆ ಟೋಪಿ, ಒಬ್ಬೊಬ್ಬರಿಗೆ 2 ಲೀಟರ್ ನೀರು. ಕೋಟೆಯ ಒಳಕೋಣೆಗಳು ಕತ್ತಲು, ಮೊಬೈಲ್ ಟಾರ್ಚ್ ಬೇಕೇ ಬೇಕು. ಟಿಕೆಟ್‌ಗೆ ಸ್ವಲ್ಪ ರಿಯಾಲ್ ನಗದು ಇಟ್ಟುಕೊಳ್ಳಿ, 1 ರಿಯಾಲ್ ಅಂದರೆ 1000 ಬೈಸಾ. ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಮಸ್ಕತ್‌ನ ಸುಲ್ತಾನ್ ಕಾಬೂಸ್ ಮಹಾಮಸೀದಿಯನ್ನೂ ಇದೇ ದಿನಕ್ಕೆ ತುರುಕಬೇಡಿ. ಮುಸ್ಲಿಮೇತರರಿಗೆ ಅಲ್ಲಿ ಪ್ರವೇಶ ಬೆಳಗ್ಗೆ 8ರಿಂದ 11ರವರೆಗೆ ಮಾತ್ರ, ಅದನ್ನು ಮುಗಿಸಿ ಹೊರಟರೆ ಜಬ್ರೀನ್ ಕೈತಪ್ಪುತ್ತದೆ.

ಬಸ್ಸಿನಲ್ಲಿ ಹೋಗುವವರು ಮೂರರ ಆಸೆ ಬಿಟ್ಟು ನಿಜ್ವಾ ಒಂದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು, ಅಥವಾ ನಿಜ್ವಾದಿಂದ ಉಳಿದೆರಡಕ್ಕೆ ಟ್ಯಾಕ್ಸಿ ಮಾತಾಡಿಕೊಳ್ಳಬೇಕು. ಹತ್ತುವ ಮೊದಲೇ ಹೋಗಿಬರುವ ದರ, ಕಾಯುವ ಸಮಯ ಎರಡನ್ನೂ ಇತ್ಯರ್ಥ ಮಾಡಿಕೊಳ್ಳಿ. ದುಬೈ, ಅಬುಧಾಬಿ ಕಡೆಯಿಂದ ಕಾರಿನಲ್ಲಿ ಬರುವ ನಮ್ಮವರಿಗೆ ಅಲ್ ಐನ್, ಇಬ್ರಿ ದಾರಿ ಹಿಡಿದರೆ ಜಬ್ರೀನ್ ತಾನಾಗಿಯೇ ಮೊದಲು ಸಿಗುತ್ತದೆ. ಆದರೆ ಕಾರಿನ ವಿಮೆ ಒಮಾನ್‌ಗೂ ಅನ್ವಯಿಸುತ್ತದೆ ಎನ್ನುವ ಆರೆಂಜ್ ಕಾರ್ಡನ್ನು ವಿಮಾ ಕಂಪನಿಯಿಂದ ಮುಂಚೆಯೇ ಪಡೆದಿರಬೇಕು, ಬಾಡಿಗೆ ಕಾರಾದರೆ ಮಾಲೀಕರ ಒಪ್ಪಿಗೆ ಪತ್ರವೂ ಕೈಯಲ್ಲಿರಬೇಕು.